ಒಂಬತ್ತನೆಯ ಮನುಷ್ಯ

ಲಿಫ್ಟಿನ ಹಗ್ಗ ಕಡಿದುಹೋದ ದಿನ ಮೇಸ್ತ್ರಿ ಎಂಟು ಜನ ತುಂಬಿದ್ದ ಆ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ಚಹಾದ ಲೋಟ ಇಟ್ಟುಕೊಂಡು, ನಾಲ್ಕನೆಯ ಮಹಡಿಯಿಂದ ನೆಲಕ್ಕೆ ಇಳಿಸಿದ್ದ. ಒಂದು ತೊಟ್ಟು ಚಹಾ ಚೆಲ್ಲಿರಲಿಲ್ಲ. ಒಳಗಿದ್ದವರಿಗೆ ಏನಾಯಿತೆಂಬುದೇ ಗೊತ್ತಿಲ್ಲ. ಅವರಲ್ಲೊಬ್ಬ, "ಇವತ್ತು ಲಿಫ್ಟು ಎಷ್ಟು ಹಗುರವಾಗಿ ಇಳೀತಪ್ಪಾ!" ಎಂದು ಹೊಗಳಿ ಆಫೀಸಿಗೆ ಹೋದನಂತೆ.

ನಂಬದಿದ್ದರೆ ಅದು ನಂಬದವರ ಹಣೆಬರಹ. ಮೇಸ್ತ್ರಿಯಂತೂ ಇಪ್ಪತ್ತಾರು ವರ್ಷದಿಂದ ಇದನ್ನು ಹೇಳಿಕೊಂಡು ಬಂದಿದ್ದ. ಮೊದಮೊದಲು ಪೆಟ್ಟಿಗೆಯಲ್ಲಿ ಮೂವರಿದ್ದರು, ಮಹಡಿ ಎರಡನೆಯದಾಗಿತ್ತು. ಹೇಳಿ ಹೇಳಿ ಜನ ಹೆಚ್ಚಿದರು, ಮಹಡಿಯೂ ಏರಿತು. ಚಹಾ ಸೇರಿಕೊಂಡದ್ದು ತೀರಾ ಈಚೆಗೆ.

ಲಿಫ್ಟು ರಿಪೇರಿ ಮಾಡುವವನ ಕೆಲಸ ಲಿಫ್ಟಿನ ಒಳಗಲ್ಲ, ಅದರ ನೆತ್ತಿಯ ಮೇಲೆ. ಬಾವಿಯಂಥ ಆ ಗೂಡಿನಲ್ಲಿ ಕತ್ತಲು, ಗ್ರೀಸಿನ ವಾಸನೆ, ಹಣೆಯ ಮೇಲೊಂದು ಸಣ್ಣ ದೀಪ. ಪ್ರತಿ ಮಹಡಿಯ ಬಾಗಿಲಾಚೆ ಜನ ಆಡುವ ಮಾತು ಅಲ್ಲಿಗೆ ಕೇಳುತ್ತದೆ. ಯಾರದೋ ಮಗಳ ಪರೀಕ್ಷೆ, ಯಾರದೋ ಅತ್ತೆಯ ಮಂಡಿನೋವು, "ಥೂ, ಇನ್ನೂ ಎಷ್ಟು ಹೊತ್ತು ಈ ರಿಪೇರಿ?" ಎಂಬ ಗೊಣಗಾಟ. ಊರಿನ ಸುದ್ದಿಯೆಲ್ಲ ಮೇಸ್ತ್ರಿಗೆ ಗೊತ್ತು. ಅವನೊಬ್ಬ ಅಲ್ಲಿದ್ದಾನೆಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಅಂಥ ಹೊತ್ತಿನಲ್ಲಿ ಅವನು ಉಪಕರಣದ ಚೀಲಕ್ಕೆ ಕೈ ಹಾಕುತ್ತಿದ್ದ. ಸ್ಪ್ಯಾನರುಗಳ ಕೆಳಗೆ ಕ್ರೀಮ್ ಬಿಸ್ಕತ್ತಿನ ಪೊಟ್ಟಣ. ಮೊದಲನೆಯ ಬಿಸ್ಕತ್ತು ರುಚಿಗೆ. ಎರಡನೆಯದು ಮೊದಲನೆಯದಕ್ಕೆ ಜೊತೆಯಿರಲಿ ಎಂದು. ಆಮೇಲಿನವಕ್ಕೆ ಕಾರಣ ಕೇಳುವವರು ಯಾರಿದ್ದರು? ಅವನ ಲೆಕ್ಕದಲ್ಲಿ ಅವನು ಆ ಎರಡು ವರ್ಷದಲ್ಲಿ ತಿಂದ ಬಿಸ್ಕತ್ತುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೇ ಏಣಿಯಾಗುತ್ತಿತ್ತು.

ಎರಡು ವರ್ಷ ಎಂದದ್ದು ಏಕೆಂದರೆ, ಮಗಳಿಗೆ ಅವಳಿ ಮಕ್ಕಳು ಹುಟ್ಟಿ ಅಷ್ಟಾಗಿತ್ತು. ಮೂರು ತಿಂಗಳು ಇದ್ದು ಬರುತ್ತೇನೆಂದು ದೂರದ ಊರಿಗೆ ಹೋದ ಹೆಂಡತಿ ಅಲ್ಲೇ ಉಳಿದಿದ್ದಳು. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವವರು. ಅವಳು ಬಿಟ್ಟು ಬರುವ ಹಾಗಿರಲಿಲ್ಲ. ಮನೆಯಲ್ಲಿ ಮೇಸ್ತ್ರಿ ಫ್ರಿಜ್ಜಿನ ಬಾಗಿಲು ತೆರೆದು ಅದರ ಬೆಳಕಿನಲ್ಲಿ ನಿಂತುಕೊಂಡೇ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ತಟ್ಟೆ ಇಟ್ಟುಕೊಂಡು ಕೂತರೆ ಒಬ್ಬನೇ ಊಟ ಮಾಡಿದ ಹಾಗಾಗುತ್ತದೆ; ನಿಂತು ತಿಂದರೆ ಅದು ಊಟವೇ ಅಲ್ಲ.

ಹೊರಡುವ ಮುಂಚೆ ಹೆಂಡತಿ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದಳು. ನೂರ ಎರಡು ಕೆ.ಜಿ. "ಎಂಬತ್ತಕ್ಕೆ ಇಳಿಸದಿದ್ದರೆ ಹೃದಯ ಕೈಕೊಡುತ್ತೆ" ಎಂದಿದ್ದರು ಡಾಕ್ಟರು. ಅಂದಿನಿಂದ ಪ್ರತಿ ಭಾನುವಾರ ಸಂಜೆ ಫೋನಿನಲ್ಲಿ ಅವಳ ಮೊದಲ ಪ್ರಶ್ನೆ ಒಂದೇ.

"ಈ ವಾರ ಎಷ್ಟು ರೀ?"

"ಅರ್ಧ ಕೆ.ಜಿ. ಇಳಿದಿದ್ದೀನಿ ಕಣೇ."

ಹೀಗೆ ಅರ್ಧರ್ಧವಾಗಿ, ಒಮ್ಮೊಮ್ಮೆ ಹುಮ್ಮಸ್ಸು ಬಂದು ಒಂದೂವರೆಯಾಗಿ, ಮೇಸ್ತ್ರಿ ಫೋನಿನಲ್ಲಿ ಮೂವತ್ತು ಕೆ.ಜಿ. ಇಳಿದುಬಿಟ್ಟ. ಬೆಳಗ್ಗೆ ಐದಕ್ಕೆ ಎದ್ದು ಹತ್ತು ಮೈಲಿ ನಡೆದ. ಸೌತೆಕಾಯಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಬೀದಿನಾಯಿಗಳು ಅವನ ಗುರುತು ಸಿಗದೆ ಬೊಗಳಿದವು. ಮಗಳು ತನ್ನ ಗಂಡನಿಗೆ "ಅಪ್ಪನ್ನ ನೋಡಿ ಕಲೀರಿ" ಎಂದಳು. ಪಾಪ, ಅಳಿಯ ನಿಜವಾಗಿಯೇ ಓಡಲು ಶುರುಮಾಡಿ ಒಂಬತ್ತು ಕೆ.ಜಿ. ಇಳಿದ. ಮುಖ ನೋಡಿ ಮಾತಾಡೋಣವೆಂದರೆ ಮೇಸ್ತ್ರಿಯ ಫೋನಿನ ಕ್ಯಾಮೆರಾ ಎರಡು ವರ್ಷದಿಂದ ಕೆಟ್ಟಿತ್ತು. ಲಿಫ್ಟನ್ನು ಒಂಟಿಗೈಯಲ್ಲಿ ಇಳಿಸಿದವನಿಗೆ ಅದೊಂದನ್ನು ರಿಪೇರಿ ಮಾಡಿಸಲು ಪುರುಸೊತ್ತಾಗಲಿಲ್ಲ.

ಅವನ ಜೊತೆ ಕೆಲಸ ಮಾಡುವವನಿಗೆ ಕಡ್ಡಿ ಎಂದು ಹೆಸರು. ಮುಚ್ಚಿದ ಬಾಗಿಲ ಸಂದಿನಲ್ಲೂ ತೂರಿ ಬರುವಷ್ಟು ಸಣಕಲ, ಅಷ್ಟೇ ಚೂಪು ನಾಲಿಗೆ. ಒಂದು ದಿನ ಚಹಾದಂಗಡಿಯಲ್ಲಿ ಎಲ್ಲರೂ ಇದ್ದಾಗ ಅವನು, "ನಮ್ಮ ಮೇಸ್ತ್ರಿ ಹತ್ತಿದ್ರೆ ಲಿಫ್ಟು ಮೇಲೆ ಹೋಗಲ್ಲ, ಕಟ್ಟಡಾನೇ ಕೆಳಗೆ ಬರುತ್ತೆ" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಮೇಸ್ತ್ರಿಯೇ ನಕ್ಕ. ಮಾರನೆಯ ದಿನದಿಂದ ಅವನು ಚಹಾದಂಗಡಿಗೆ ಹೋಗುವುದನ್ನು ಬಿಟ್ಟ. ಚೀಲದಲ್ಲಿ ಎರಡನೆಯ ಪೊಟ್ಟಣ ಸೇರಿಕೊಂಡದ್ದು ಆಗಲೇ.

ಇದಾಗಿ ತಿಂಗಳಿಗೆ, ಮೂಳೆ ಚಿಕಿತ್ಸೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಬಂತು. ಐದು ಮಹಡಿ, ಎಂಟು ಮಂದಿಯ ಲಿಫ್ಟು. ತಾನು ಎಷ್ಟು ಭಾರ ಹೊತ್ತಿದ್ದೇನೆಂದು ಲಿಫ್ಟಿಗೆ ತಿಳಿಸುವ ಸಾಧನವೊಂದು ಅದರ ನೆಲದಡಿ ಇರುತ್ತದೆ. ಹೊಸದಾಗಿ ಕೂರಿಸಿದಾಗ ಅದಕ್ಕೆ ತೂಕ ಕಲಿಸಬೇಕು. ಹೊರಬಹುದಾದ ಭಾರದ ಅರ್ಧದಷ್ಟನ್ನು ಒಳಗಿಟ್ಟು, ಇದು ಇಷ್ಟು ಎಂದು ಸಂಖ್ಯೆ ಒತ್ತಬೇಕು. ಆಮೇಲೆ ಅದು ಆ ಮಾತನ್ನೇ ನಂಬಿಕೊಂಡು ಲೆಕ್ಕ ಹಾಕುತ್ತದೆ. ಐನೂರ ನಲವತ್ತನಾಲ್ಕು ಕೆ.ಜಿ. ದಾಟಿತೆಂದರೆ ಬಾಗಿಲು ಮುಚ್ಚದೆ ಗಂಟೆ ಬಡಿದುಕೊಳ್ಳುತ್ತದೆ. ಅರ್ಧ ಭಾರ ಎಂದರೆ ಇನ್ನೂರ ಎಪ್ಪತ್ತೆರಡು. ಅಂದು ಕೈಯಲ್ಲಿ ಇದ್ದದ್ದು ಇಪ್ಪತ್ತು ಕೆ.ಜಿ.ಯ ಹತ್ತು ಕಬ್ಬಿಣದ ತೂಕಗಳು ಮಾತ್ರ. ಉಳಿದವು ಇನ್ನೊಂದು ವ್ಯಾನಿನಲ್ಲಿ ಊರಾಚೆ ಹೋಗಿದ್ದವು.

"ಇನ್ನೂ ಎಪ್ಪತ್ತೆರಡು ಬೇಕಲ್ಲ ಮೇಸ್ತ್ರಿ. ವ್ಯಾನ್ ಬರೋತನಕ ಕಾಯೋಣ್ವಾ?" ಎಂದ ಕಡ್ಡಿ.

"ಯಾತಕ್ಕೆ? ನಾನಿಲ್ವಾ?" ಎಂದು ಮೇಸ್ತ್ರಿ ಲಿಫ್ಟಿನೊಳಗೆ ಹೋಗಿ ತೂಕಗಳ ಪಕ್ಕ ನಿಂತ.

"ನಿಮ್ಮದು ಎಷ್ಟು?"

"ಎಪ್ಪತ್ತೆರಡು."

ಭಾನುವಾರದ ಬಾಯಿಪಾಠ, ತಾನಾಗಿಯೇ ಬಂತು. ಬಂದ ಮೇಲೆ ಹಿಂದಕ್ಕೆ ಹೋಗಲಿಲ್ಲ. "ಸರಿಯಾಗಿ ಎಪ್ಪತ್ತೆರಡು ಕಣಯ್ಯ. ನನ್ನನ್ನ ನೋಡಿಕೊಂಡೇ ಕಂಪನಿಯವರು ಈ ಲೆಕ್ಕ ಹಾಕಿರೋದು!"

ಕಡ್ಡಿ ಒಮ್ಮೆ ಅವನನ್ನು ನೋಡಿದ, ಒಮ್ಮೆ ಕೈಯಲ್ಲಿದ್ದ ಕಾಗದವನ್ನು ನೋಡಿದ. ಏನೋ ಹೇಳಲು ತುಟಿ ಅಲುಗಿತು. ಹೇಳಲಿಲ್ಲ. ಇನ್ನೂರ ಎಪ್ಪತ್ತೆರಡು ಎಂದು ಒತ್ತಿ, ಕಾಗದದಲ್ಲೂ ಬರೆದು, ಕೆಳಗೆ ತನ್ನ ಸಹಿ ಹಾಕಿದ.

ಒಂಬತ್ತು ದಿನ ಲಿಫ್ಟು ಚೆನ್ನಾಗಿಯೇ ಓಡಾಡಿತು. ಹತ್ತನೆಯ ದಿನ ಬೆಳಗ್ಗೆ, ರೋಗಿಗಳ ನೂಕುನುಗ್ಗಲಿನಲ್ಲಿ ಒಂಬತ್ತು ಜನ ಹತ್ತಿದರು. ಗಂಟೆ ಬಡಿದುಕೊಳ್ಳಲಿಲ್ಲ. ಬಾಗಿಲು ಮುಚ್ಚಿತು, ಮೇಲೇರಿತು, ಭಾರಕ್ಕೆ ಜಗ್ಗಿ ಮೂರನೆಯ ಮಹಡಿಯ ನೆಲಕ್ಕಿಂತ ಮೂರು ಬೆರಳು ಕೆಳಗೆ ನಿಂತಿತು. ಸೊಂಟದ ಮೂಳೆ ಜೋಡಿಸಿಕೊಂಡು ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯಲು ಕಲಿಯುತ್ತಿದ್ದ ಒಬ್ಬ ಅಜ್ಜಿ, ನೆಲ ಸಮನಾಗಿದೆ ಎಂದು ನಂಬಿ ಹೆಜ್ಜೆ ಇಟ್ಟರು. ಎಡವಿ ಬಿದ್ದರು. ಸೊಂಟ ಉಳಿಯಿತು, ಬಲಗೈಯ ಮಣಿಕಟ್ಟು ಮುರಿಯಿತು.

ಮಾರನೆಯ ದಿನ ತಪಾಸಣೆಗೆ ಸರ್ಕಾರದ ಲಿಫ್ಟು ಇನ್‌ಸ್ಪೆಕ್ಟರ್ ಮೇಡಂ ಬಂದರು. ಮಾತು ಕಡಿಮೆ, ಕಣ್ಣು ಹೆಚ್ಚು. ಐನೂರು ಕೆ.ಜಿ. ಕಬ್ಬಿಣವನ್ನು ಎಣಿಸಿ ಎಣಿಸಿ ಲಿಫ್ಟಿನಲ್ಲಿ ಇಡಿಸಿದರು. ಪರದೆಯ ಮೇಲೆ ಬಂದದ್ದು ನಾನೂರ ನಲವತ್ತೊಂದು.

"ಯಾರು ಸಹಿ ಮಾಡಿದ್ದು?"

"ನಾನು" ಎಂದ ಕಡ್ಡಿ.

"ಹತ್ತು ತೂಕ ಇತ್ತು ಅಂತ ಬರೆದಿದ್ದೀರಿ. ಅದು ಇನ್ನೂರು. ಉಳಿದ ಎಪ್ಪತ್ತೆರಡಕ್ಕೆ ಏನಿಟ್ರಿ?"

ಕಡ್ಡಿ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿಯೇ ಮುಂದೆ ಬಂದ. "ನಾನು ನಿಂತಿದ್ದೆ ಮೇಡಂ. ಆವತ್ತು ಎಪ್ಪತ್ತೆರಡೇ ಇದ್ದೆ. ಈ ಹತ್ತು ದಿನದಲ್ಲಿ ಸ್ವಲ್ಪ... ನಮ್ಮ ವಂಶದಲ್ಲೇ ಹಾಗೆ, ಗಾಳಿ ಕುಡಿದರೂ ಮೈ ಹತ್ತುತ್ತೆ."

ಮೇಡಂ ನಗಲಿಲ್ಲ. ಅವನ ಮೈಯನ್ನು ನೋಡಲೂ ಇಲ್ಲ. ಕಾಗದದಲ್ಲಿದ್ದ ಸಹಿಯನ್ನು ನೋಡುತ್ತಾ, "ಸಹಿ ಹಾಕಿದವರ ಪರವಾನಗಿ ನಾನು ತಡೆಹಿಡಿಯಬೇಕಾಗುತ್ತೆ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಹೇಳಿದ್ರೆ ಬೇರೆ ಮಾತು" ಎಂದರು.

"ನಾನೇ ಬರೆದದ್ದು ಮೇಡಂ" ಎಂದ ಕಡ್ಡಿ. "ಕಣ್ಣಿಗೆ ಕಂಡದ್ದು ಬಿಟ್ಟು ಕಿವಿಗೆ ಬಿದ್ದದ್ದನ್ನ ಬರೆದೆ. ತಪ್ಪು ನನ್ನದೇ."

ಮೇಸ್ತ್ರಿ ಅವನನ್ನು ಪಕ್ಕಕ್ಕೆ ಎಳೆದ. "ಸುಳ್ಳು ಅಂತ ಗೊತ್ತಿದ್ದೂ ಯಾಕಯ್ಯಾ ಸುಮ್ಮನಿದ್ದೆ? ಬೇರೆ ದಿನ ಆಗಿದ್ರೆ ನನ್ನ ಹೊಟ್ಟೆ ಮೇಲೆ ಹತ್ತು ಜೋಕು ಹೊಡೀತಿದ್ದೆ."

"ಅದಕ್ಕೇ ಸುಮ್ಮನಿದ್ದದ್ದು" ಎಂದ ಕಡ್ಡಿ, ಬೂಟಿನ ತುದಿ ನೋಡುತ್ತಾ. "ಚಹಾಕ್ಕೆ ಬರೋದು ಬಿಟ್ರಲ್ಲ ನೀವು. ನಾನಂದದ್ದು ನಾಟಿತು ಅಂತ ಆವಾಗ ಗೊತ್ತಾಯ್ತು. ಮತ್ತೆ ತೂಕದ ಮಾತೆತ್ತೋಕೆ ನಾಲಿಗೆ ಏಳಲಿಲ್ಲ ಮೇಸ್ತ್ರಿ."

ಕಡ್ಡಿಗೆ ಮೂವರು ಮಕ್ಕಳು. ಪರವಾನಗಿ ಹೋದರೆ ಅವನು ನಾಳೆಯಿಂದ ಮೂಟೆ ಹೊರಬೇಕು, ಆ ಮೈಯಲ್ಲಿ. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಆ ಅಜ್ಜಿ ಎಡಗೈಯಲ್ಲಿ ಚಮಚ ಹಿಡಿಯಲು ಹೆಣಗುತ್ತಿದ್ದದ್ದು ಕಾಣಿಸುತ್ತಿತ್ತು. ಚಮಚ ಬಾಯಿಯ ತನಕ ಹೋಗಿ, ವಾಲಿ, ಎದೆಯ ಮೇಲೆ ಚೆಲ್ಲುತ್ತಿತ್ತು.

ಮೇಸ್ತ್ರಿ ಇನ್‌ಸ್ಪೆಕ್ಟರ ಹತ್ತಿರ ಹೋಗಿ, "ಈ ಆಸ್ಪತ್ರೆಯಲ್ಲಿ ತೂಕದ ಮೆಷಿನ್ ಎಲ್ಲಿದೆ ಮೇಡಂ?" ಎಂದು ಕೇಳಿದ.

ನರ್ಸಿನ ಕೋಣೆಯಲ್ಲಿತ್ತು. ಅವನು ಬೂಟು ಬಿಚ್ಚಿದ. ಬೆಲ್ಟನ್ನೂ ಬಿಚ್ಚಿದ. ಕಿಸೆಯಲ್ಲಿದ್ದ ಸ್ಕ್ರೂಡ್ರೈವರು, ಬೀಗದ ಕೈ, ಅರ್ಧ ಪೊಟ್ಟಣ ಬಿಸ್ಕತ್ತು, ಎಲ್ಲವನ್ನೂ ಮೇಜಿನ ಮೇಲಿಟ್ಟ. ಬಿಸ್ಕತ್ತನ್ನು ಎಲ್ಲರೂ ನೋಡಿದರು. ಎರಡು ವರ್ಷದಿಂದ ಅವನು ಮೆಷಿನ್ನಿನ ಮೇಲೆ ನಿಂತಿರಲಿಲ್ಲ. ಕಣ್ಣು ಮುಚ್ಚಿ ಹತ್ತಿದ.

"ಓದಯ್ಯಾ" ಎಂದ.

ಕಡ್ಡಿ ಬಗ್ಗಿ ನೋಡಿದ. "ನೂರ ಎಂಟು."

ಮೇಡಂ ಅಲ್ಲೇ ಲೆಕ್ಕ ಹಾಕಿದರು. "ಇನ್ನೂರ ಎಪ್ಪತ್ತೆರಡು ಅಂತ ಕಲಿಸಿದ್ದು ನಿಜವಾಗಿ ಮುನ್ನೂರ ಎಂಟು. ಅರ್ಧ ಭಾರಕ್ಕೆ ಮೂವತ್ತಾರು ತಪ್ಪಿದರೆ ಪೂರ್ತಿಗೆ ಎಪ್ಪತ್ತೆರಡು. ಅಂದರೆ ಈ ಲಿಫ್ಟು ಎಪ್ಪತ್ತೆರಡು ಕೆ.ಜಿ.ಯ ಇನ್ನೊಬ್ಬರನ್ನ ಹತ್ತಿಸಿಕೊಂಡು ಓಡಾಡ್ತಿತ್ತು."

ಮೇಸ್ತ್ರಿ ಮೆಷಿನ್ನಿನ ಮೇಲೆಯೇ ನಿಂತಿದ್ದ. ಆ ಒಂಬತ್ತನೆಯವನು ಯಾರೆಂದು ಅವನಿಗೆ ಗೊತ್ತಿತ್ತು. ಬೆಳಗ್ಗೆ ಐದಕ್ಕೆ ಏಳುವವನು, ಸೌತೆಕಾಯಿ ತಿನ್ನುವವನು, ಭಾನುವಾರದ ಫೋನಿನಲ್ಲಿ ಮಾತ್ರ ಇರುವವನು.

"ನಾನು ಹೇಳಿದ ಸುಳ್ಳನ್ನ ಇವನು ಬರೆದ. ಕಾಗದದಲ್ಲಿ ನನ್ನ ಹೆಸರು ಹಾಕಿ" ಎಂದ. ಮೇಡಂ ಹಾಕಿದರು. ಮೂರು ತಿಂಗಳು ಅವನ ಪರವಾನಗಿ ಅಮಾನತ್ತಾಯಿತು. ಕಡ್ಡಿಗೆ ಎಚ್ಚರಿಕೆಯ ಪತ್ರ. ಅಜ್ಜಿಯ ಹಾಸಿಗೆಯ ಬಳಿ ಹೋಗಿ ಏನಾಯಿತೆಂದು ಮೇಸ್ತ್ರಿ ತಾನೇ ಹೇಳಿದ. ಅವರು ಮುಖ ತಿರುಗಿಸಿಕೊಂಡರು. ಅದನ್ನು ನುಂಗಿಕೊಂಡು ಹೊರಗೆ ಬಂದ.

ಅಂದು ಭಾನುವಾರವಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನೇ ಫೋನು ಮಾಡಿದ. ಬಿಸಿಲು ಇನ್ನೂ ಇತ್ತು.

"ಏನ್ರೀ, ಬುಧವಾರ? ಎಪ್ಪತ್ತೊಂದಕ್ಕೆ ಇಳಿದುಬಿಟ್ರಾ?" ಎಂದಳು ಹೆಂಡತಿ.

"ನೂರ ಎಂಟು ಕಣೇ."

ಅವಳು ನಕ್ಕಳು. "ನಿಮ್ಮ ಹುಡುಗಾಟ ನಿಮಗೆ. ಮಕ್ಕಳು ಅಳ್ತಿದ್ದಾವೆ, ಬೇಗ ಹೇಳಿ."

"ಹುಡುಗಾಟ ಅಲ್ಲ. ಈಗ ತಾನೇ ಮೆಷಿನ್ ಮೇಲೆ ನಿಂತು ಬಂದೆ."

ಅವಳು ಮಕ್ಕಳ ಕೋಣೆಯ ಬಾಗಿಲು ಮುಚ್ಚಿದ್ದು ಕೇಳಿಸಿತು.

"ಮತ್ತೆ ಆ ಹತ್ತು ಮೈಲಿ?"

"ಮನೆ ಬಾಗಿಲಿಂದ ವ್ಯಾನಿನ ತನಕ."

"ಸೌತೆಕಾಯಿ?"

"ಕೊಂಡೇ ಇಲ್ಲ."

"ಕ್ಯಾಮೆರಾ?"

"ಚೆನ್ನಾಗಿದೆ."

"ಯಾಕ್ರೀ? ಇಳೀತಿಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಮಗಳನ್ನ ಬಿಟ್ಟು ನೀನು ಓಡಿ ಬಂದುಬಿಡ್ತಿದ್ದೆ."

"ಬರಬಾರದಾಗಿತ್ತಾ?"

ಮೇಸ್ತ್ರಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಬರಬೇಕಾಗಿತ್ತು" ಎಂದ. "ಬಾ ಅಂತ ಹೇಳೋಣ ಅಂದ್ಕೊಂಡು ಬಾಯಿ ತೆಗೆದಾಗಲೆಲ್ಲ ಅದಕ್ಕೆ ಏನಾದ್ರೂ ತುಂಬ್ತಾ ಇದ್ದೆ."