ಎದೆಗೆ ಹಚ್ಚಿದ ಕಿವಿ

ಚಳಿಗಾಲ, ಹೊತ್ತು ಮೂಡುವ ಮುಂಚಿನ ನಸುಕು, ಇಂಥದೇ ಹೊತ್ತಿನಲ್ಲಿ ಸುರುವಾದದ್ದು, ಹೋದ ವರ್ಷ, ಕನ್ನಡ ನಾಡೆಲ್ಲ ಒಂದಾಯಿತೆಂದು ಹೂವಿನ ಹಿಪ್ಪರಗಿಯಲ್ಲಿ ಪೇಢೆ ಹಂಚಿದ ವರ್ಷ — ಹತ್ತಿಯ ಎಳೆಯೊಂದು ಮೀರಾಸಾಬನ ಮೂಗಿನ ಮೇಲೆ ಕೂತಿದೆ, ಊದಿದರೂ ಹೋಗದು, ಕೈಯಲ್ಲಿ ಹತ್ತಿ ಹಿಂಜುವ ಬಿಲ್ಲು, ಇರಲಿ — ಅಂದು ಒಳಗೆ ಮೊಮ್ಮಗಳು ರೋಷನಬಿಯ ಎದೆ ತಿದಿಯಂತೆ ಸುಯ್‌ಗುಟ್ಟಿತ್ತು, ಏಳು ವರ್ಷದ ಕೂಸು, ಸೊಸೆ ಸೈದಾಬಿ ಓಡಿಬಂದು, ಮಾವಾರ, ನಿಮ್ಮ ಹತ್ತಿ ಧೂಳದಿಂದನ ದಮ್ಮ ಹತ್ತೈತ್ರಿ, ಬಿಲ್ಲು ಹೊರಗ ಒಯ್ರಿ ಎಂದಳು, ಒಯ್ದ, ಅಂದಿನಿಂದ ಈ ಬೇವಿನ ಬುಡವೇ ಅಂಗಡಿ, ಗಾಳಿ ಚೆನ್ನಾಗಿದೆ, ದೂರಿಲ್ಲ, ಕೂಸಿನ ಕೆಮ್ಮೂ ಇಳಿಯಿತು, ಸುಳ್ಳು ಹೇಳಬಾರದು, ಆದರೆ ದಮ್ಮು ಹೋಗಲಿಲ್ಲ, ಹೋಗುವುದಾದರೂ ಹೇಗೆ, ಸೈದಾಬಿ ಹಗಲಿಗೆ ಹತ್ತು ಸಲ ಅವಳ ಎದೆಗೆ ಕಿವಿ ಹಚ್ಚುತ್ತಾಳೆ, ಓಡಬ್ಯಾಡ, ಜೋರ ನಗಬ್ಯಾಡ, ಮಸರು ಮುಟ್ಟಬ್ಯಾಡ, ಮೊದಲಿನ ಕೂಸು ಉಸಿರು ಸಿಕ್ಕದೆ ಹೋದಾಗ ಅವಳಿಗೆ ಜೊಂಪು ಹತ್ತಿತ್ತು, ಅಂದಿನಿಂದ ಕಣ್ಣು ಮುಚ್ಚುವುದೇ ಅವಳಿಗೆ ತಪ್ಪಾಗಿದೆ, ಪಾಪ — ಮತ್ತೆ ಅವ್ವನ ಕಿವಿ ಬಂತೆಂದರೆ ರೋಷನ ಉಸಿರು ಬಿಗಿಹಿಡಿಯುತ್ತಾಳೆ, ಸುಯ್ ಎಂಬುದು ಕೇಳಿದರೆ ಅವ್ವ ಅಳುತ್ತಾಳೆಂದು, ಹಿಡಿದದ್ದನ್ನು ಬಿಟ್ಟಾಗ ದಮ್ಮು ಎದ್ದುಬರುತ್ತದೆ, ಬೇವಿನ ಬುಡದಿಂದ ಬಾಗಿಲು ನೇರ ಕಾಣುತ್ತದೆ, ಎಷ್ಟು ಸಲ ನೋಡಿದ್ದಾನೋ, ಹೇಳಲು ಮಾತ್ರ ವರ್ಷ ಹಿಡಿಯಿತು.

ನಿನ್ನ ಕಿವಿಗೆ ಅಂಜಿ ಕೂಸು ಉಸಿರು ಹಿಡಿತೈತೆವ್ವಾ ಎಂದಾಗ ಸೊಸೆ, ಬಿಲ್ಲು ಹೊರಗ ಹಾಕಿದ್ದಕ್ಕ ಸೇಡೇನ್ರಿ ಮಾವಾರ ಎಂದಳು, ಸೇಡಿದ್ರ ನೀ ಮಲಗೋ ಗಾದ್ಯಾಗ ಹತ್ತಿಕಾಳ ಬಿಡ್ತಿದ್ನೆವ್ವಾ ಎಂದ, ನಕ್ಕಳು, ನಗುತ್ತಲೇ ಅತ್ತಳು, ನಾ ಕಿವಿ ತಗದಾಗ ಏನರ ಆದ್ರ ಎಂದಳು, ನಾ ಇಲ್ಲೇ ಇರ್ತೇನಿ ಎಂದ — ಆಮೇಲೆ ಬಾಗೇವಾಡಿಯಿಂದ ಅವಳ ತಮ್ಮ ಜೈನುದ್ದೀನ ಗಾಡಿ ತಂದ, ತಾಯಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾಳೆ, ಎಂಟು ದಿನವಾದರೂ ಇರಬೇಕು, ಮೀರಾಸಾಬ ಬಿಲ್ಲು ಮಿಡಿಯುತ್ತಲೇ ಇದ್ದ, ಅವಳೇ ಹೇಳಿದಳು, ರೋಷನ ನಿಮ್ಮ ಕಡೆ ಇರ್ಲ್ರಿ ಮಾವಾರ — ಗಾಡಿ ಹೊರಟಾಗ ಕೂಸು ಹಿಂದೆ ಓಡಿತು, ಕೂಗುತ್ತ, ನಗುತ್ತ, ಧೂಳಿನಲ್ಲಿ, ಊರ ಅಗಸಿಯತನಕ, ಸೈದಾಬಿಯ ಬಾಯಿ ತೆರೆಯಿತು, ಓಡಬ್ಯಾಡ ಎಂಬ ಮಾತು ಹೊರಬೀಳಲಿಲ್ಲ, ಕೂಸು ತೇಕುತ್ತ ತಿರುಗಿ ಬಂತು, ಬರೇ ಓಡಿದ ತೇಕು, ನೀರು ಕುಡಿಯಿತು, ಆಯಿತು, ಇಂದಿಗೆ ಮೂರು ದಿನ, ಒಳಗೆ ಮಲಗಿದೆ, ಉಸಿರು ಹಗುರ, ಬಿಲ್ಲಿನಡಿ ಹತ್ತಿಯೂ ಹಗುರ, ಆದರೂ ಕಣ್ಣ ಮುಂದೆ ಅದೇ, ಸೋಮವಾರ ಹೋದ ಸೈದಾಬಿ, ಗಾಡಿಯ ಹಿಂದುಗಡೆ, ಕೂಸಿನತ್ತ ಚಾಚದಂತೆ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತವಳು, ಎರಡೂ ಕೈ, ತೊಡೆಯ ಕೆಳಗೆ —