ಇತರೆ ಇದ್ದಲ್ಲಿ ವಿವರಿಸಿ

"ಮೂರು," ಎಂದಳು ಆಕೆ.

"ಎರಡೂವರೆ," ಎಂದ ಫೋರ್‌ಮನ್.

"ಮೂರು. ಟಾರ್ಚ್ ನೆಟ್ಟಗೆ ಹಿಡೀರಿ."

ಆರನೇ ಮಹಡಿಗೂ ಏಳನೇ ಮಹಡಿಗೂ ನಡುವೆ ನಿಲ್ಲಿಸಿದ್ದ ಲಿಫ್ಟಿನ ನೆತ್ತಿಯ ಮೇಲೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತಿದ್ದರು. ಹಳಿಗೂ ಅದನ್ನು ಹಿಡಿದು ಜಾರುವ ಕಬ್ಬಿಣದ ಹಿಡಿಕೆಗೂ ನಡುವಿನ ಸಂದಿಯೊಳಗೆ ಆಕೆ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿದ್ದಳು. ನಾಲ್ಕು ಮಿಲಿಮೀಟರಿನವರೆಗೆ ಅವಕಾಶವಿತ್ತು. ಮೂರಾದರೂ ಎರಡೂವರೆಯಾದರೂ ಲಿಫ್ಟಿಗೆ ಏನೂ ಆಗುವುದಿರಲಿಲ್ಲ. ಜಗಳ ಬರೀ ತತ್ವದ್ದು.

ಲಿಫ್ಟ್ ಓಡಾಡುವ ಬಾವಿಯಲ್ಲಿ ಆಡಿದ ಮಾತು ಏಳು ಮಹಡಿಗೂ ಕೇಳಿಸುತ್ತದೆ. ಅದಕ್ಕೇ ಅವರು ಗಟ್ಟಿಯಾಗಿ ಆಡಿದ್ದೆಲ್ಲ ಬಹುವಚನದಲ್ಲಿತ್ತು. ಅವನು ಪಟ್ಟಿಯ ಕಡೆ ಬಗ್ಗುವ ನೆಪದಲ್ಲಿ ಹತ್ತಿರ ಬಂದು ದನಿ ಇಳಿಸಿದ.

"ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ."

"ವರದಿಯ ಮೊದಲ ಪುಟಕ್ಕೆ ಏನ್ಮಾಡ್ತೀಯ?"

"ಇದು ಮುಗೀಲಿ ಮೊದ್ಲು," ಎಂದು ಆಕೆ ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಪುಸ್ತಕದಲ್ಲಿ 'ಮೂರು' ಎಂದು ಬರೆದಳು.

ಆಕೆ ಲಿಫ್ಟುಗಳ ಸರಕಾರಿ ಪರಿವೀಕ್ಷಕಿ, ಹನ್ನೊಂದು ವರ್ಷದಿಂದ. ಕಟ್ಟಡ ಕಟ್ಟುವವರ ನಡುವೆ ಆಕೆಗೆ 'ಮಿಲಿಮೀಟರ್ ಮೇಡಂ' ಎಂದು ಹೆಸರು. ಮೊದಮೊದಲು ಅದು ಬೈಗುಳವಾಗಿತ್ತು, ಆಮೇಲೆ ಎಚ್ಚರಿಕೆಯಾಯಿತು, ಈಗೀಗ ಅದರಲ್ಲಿ ಅರ್ಧದಷ್ಟು ಗೌರವವೂ ಸೇರಿಕೊಂಡಿತ್ತು. ಮನೆಯಲ್ಲಿ ಅಮ್ಮ ನೆಂಟರಿಷ್ಟರಿಗೆಲ್ಲ "ನಮ್ಮವಳು ಗಂಡಸರನ್ನೂ ಅದೇ ಪಟ್ಟೀಲಿ ಅಳೀತಾಳೆ, ಮೂವತ್ತಾರಾದ್ರೂ ಒಬ್ಬನೂ ಸರಿಹೋಗಿಲ್ಲ" ಎಂದು ಹೇಳಿಕೊಂಡು ಬಂದಿದ್ದಳು. ಅಳೆಯದೆ ಒಪ್ಪಿಕೊಂಡವರ ಮನೆಗಳಲ್ಲಿ ಏನಾಯಿತೆಂಬ ಕಥೆಯನ್ನು ವಾರಕ್ಕೊಂದರಂತೆ ಹೇಳುತ್ತಿದ್ದವಳೂ ಅಮ್ಮನೇ. ಎರಡನ್ನೂ ಒಟ್ಟಿಗಿಟ್ಟು ನೋಡುವ ಅಭ್ಯಾಸ ಮಾತ್ರ ಅವಳಿಗಿರಲಿಲ್ಲ.

ಈ ಫೋರ್‌ಮನ್ ಕೂರಿಸಿದ ಮೊದಲ ಲಿಫ್ಟನ್ನು ಆಕೆ ಮೂರು ಸಲ ಫೇಲ್ ಮಾಡಿದ್ದಳು. ಮೂರನೆಯ ಸಲಕ್ಕೆ ಬೇರೆಯವರಾದರೆ ಆಕೆಯ ಮೇಲಧಿಕಾರಿಗೆ ಫೋನ್ ಮಾಡುತ್ತಿದ್ದರು. ಇವನು ಬಾಗಿಲಿನ ಚೌಕಟ್ಟನ್ನೇ ಕಿತ್ತು ಮತ್ತೆ ಕೂರಿಸಿದ. ನಾಲ್ಕನೆಯ ಸಲ ಪಾಸಾದ ಮೇಲೆ ಕೈ ಒರೆಸಿಕೊಳ್ಳುತ್ತ, "ಈಗ ಕೇಳಬಹುದಾ ಮೇಡಂ?" ಎಂದ.

"ಏನು?"

"ಕಾಫಿಗೆ ಬರ್ತೀರಾ ಅಂತ. ಫೇಲಾಗಿರುವಾಗ ಕೇಳಿದ್ರೆ ಲಂಚ ಆಗ್ತಿತ್ತು."

ಆಕೆ ಹೋದಳು. ಅವನ ಕಂಪನಿಯ ಮುಂದಿನ ಫೈಲು ಬಂದ ದಿನ ಅದನ್ನು ಸದ್ದಿಲ್ಲದೆ ಸಹೋದ್ಯೋಗಿಯ ಮೇಜಿಗೆ ದಾಟಿಸಿ, ಬದಲಿಗೆ ಆ ಸಹೋದ್ಯೋಗಿಯ ಫೈಲೊಂದನ್ನು ಎತ್ತಿಕೊಂಡಳು. ಹೀಗೆ ಎಂಟು ತಿಂಗಳು ನಡೆಯಿತು. ಅವನ ಲಿಫ್ಟುಗಳನ್ನು ಆಕೆ ನೋಡಲಿಲ್ಲ. ಅವನನ್ನು ಮಾತ್ರ ಪ್ರತಿ ಭಾನುವಾರ ನೋಡಿದಳು. ಅವನು ಆಕೆಯ ಅಡುಗೆಮನೆಯ ನಲ್ಲಿ ರಿಪೇರಿ ಮಾಡಲು ಹೋಗಿ ಕೆಡಿಸಿದ. ಆಕೆಗೆ ನಗು ಬಂತು. ಎಲ್ಲವೂ ಚೆನ್ನಾಗಿಯೇ ಇತ್ತು, ಅವನ 'ಇನ್ನು ಸ್ವಲ್ಪ ದಿನ' ಒಂದನ್ನು ಬಿಟ್ಟರೆ. ಅಕ್ಕನಿಗೆ ಇನ್ನು ಸ್ವಲ್ಪ ದಿನ ಕಳೆದು ಹೇಳುತ್ತೇನೆ. ಕಂಪನಿಯಲ್ಲಿ ಇನ್ನು ಸ್ವಲ್ಪ ದಿನ ಗೊತ್ತಾಗುವುದು ಬೇಡ. ಅವನಿಗಾಗಲೇ ಮೂವತ್ತೆಂಟು. ಅವನನ್ನು ಸಾಕಿ ಬೆಳೆಸಿದ ಅಕ್ಕ ಹೆಡ್‌ಮಿಸ್ಟ್ರೆಸ್ಸು, ಇಡೀ ಊರಿಗೆ ಜೋರು. ಹೋದ ತಿಂಗಳು ಬಟ್ಟೆ ಅಂಗಡಿಯಲ್ಲಿ ಅವನ ಕಂಪನಿಯ ಮಾಲೀಕರು ಎದುರಾದಾಗ ಅವನು ಆಕೆಯನ್ನು "ಇವರು ಇಲಾಖೆಯವರು" ಎಂದು ಪರಿಚಯಿಸಿದ್ದ. ಅವನ ಕಾಲುಚೀಲಗಳಿದ್ದ ಚೀಲ ಆಗ ಇಲಾಖೆಯವರ ಕೈಯಲ್ಲಿತ್ತು.

ಇವತ್ತು ಬೆಳಿಗ್ಗೆ ಆ ಸಹೋದ್ಯೋಗಿ ತನ್ನ ಮನೆಯ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಲಿಫ್ಟ್ ಪರಿವೀಕ್ಷಕನಿಗೆ ಅದು ಅವಮಾನದ ಸಂಗತಿಯೇ, ಆದರೆ ನಗಲು ಯಾರಿಗೂ ಪುರುಸೊತ್ತಿರಲಿಲ್ಲ. ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆ ಸೋಮವಾರ. ದೊಡ್ಡ ಸಾಹೇಬರು ಆಕೆಗೆ ವಿಳಾಸವನ್ನಷ್ಟೇ ಹೇಳಿ ಫೋನ್ ಇಟ್ಟರು. ಗೇಟಿನೊಳಗೆ ಫೋರ್‌ಮನ್ನನ ಬೈಕು ನೋಡಿದ ಮೇಲೆಯೇ ಆಕೆಗೆ ಇದು ಯಾರ ಲಿಫ್ಟೆಂದು ತಿಳಿದದ್ದು.

ಬಾಗಿಲಿನಿಂದಲೇ ಹಿಂದಿರುಗಬಹುದಿತ್ತು. ಆದರೆ ವರದಿಯ ಮೊದಲ ಪುಟವನ್ನು ಕೊನೆಗೆ ತುಂಬುವುದು ಇಲಾಖೆಯ ಪದ್ಧತಿ. ಅಷ್ಟು ಹೊತ್ತಿಗೆ ಟೀ ಬಂದಿರುತ್ತದೆ. ಜೊತೆಗೆ ಆಕೆಗೆ ಒಂದು ಆಸೆಯಿತ್ತು. ಲಿಫ್ಟಿನಲ್ಲಿ ಏನಾದರೊಂದು ದೋಷ ಸಿಕ್ಕರೆ ಅದನ್ನೇ ಬರೆದು ಎದ್ದು ಬರಬಹುದು. ಎರಡು ವಾರದ ಮೇಲೆ ಮತ್ತೊಬ್ಬರು ಬಂದು ನೋಡುತ್ತಾರೆ, ಮೊದಲ ಪುಟದ ಪ್ರಶ್ನೆ ಅವರದಾಗುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಕೆ ದೋಷ ಸಿಗಲೆಂದು ಹಾರೈಸುತ್ತ ಹುಡುಕಿದಳು. ಕಬ್ಬಿಣದ ತೂಕಗಳನ್ನು ತುಂಬಿಸಿ ಇಳಿಸಿದಳು, ಬಾಗಿಲ ನಡುವೆ ಕೈ ಕೊಟ್ಟಳು, ತಳದ ಗುಂಡಿಗಿಳಿದು ಸ್ಪ್ರಿಂಗು ಒತ್ತಿದಳು. ಲಿಫ್ಟ್ ಎಲ್ಲಿಯೂ ತಪ್ಪಲಿಲ್ಲ. ಆಕೆ ಫೇಲ್ ಮಾಡಿ ಮಾಡಿ ಕಲಿಸಿದ ಮನುಷ್ಯ ಅದನ್ನು ಕೂರಿಸಿದ್ದ.

ಆಸ್ಪತ್ರೆಯ ಮ್ಯಾನೇಜರ್ ತನ್ನ ಕೋಣೆಯ ಬಾಗಿಲಲ್ಲೇ ಕಾಯುತ್ತಿದ್ದ.

"ಪಾಸಾ ಮೇಡಂ?"

"ಲಿಫ್ಟ್ ಪಾಸು."

"ಅಬ್ಬ. ಹಾಗಿದ್ರೆ ಮಂಚ ಸಾಗಿಸೋಕೆ ಹೇಳ್ಲಾ? ಮೂವತ್ತಿದೆ, ಎಲ್ಲ ಆರನೇ ಮಹಡಿಗೇ ಹೋಗ್ಬೇಕು."

"ಸ್ವಲ್ಪ ತಡೀರಿ. ಕಾಗದ ಬಾಕಿ ಇದೆ."

ಮೊದಲ ಪುಟದ ಏಳನೇ ಕಲಮು ಹೀಗಿತ್ತು: ಲಿಫ್ಟ್ ಅಳವಡಿಸಿದ ಸಂಸ್ಥೆಯ ಯಾರೊಂದಿಗಾದರೂ ಪರಿವೀಕ್ಷಕರಿಗೆ ನೆಂಟಸ್ತನ ಅಥವಾ ಆಪ್ತತೆ ಇದೆಯೇ? ಇದೆ, ಇಲ್ಲ. ಇದ್ದರೆ ಯಾರು, ಏನಾಗಬೇಕು? ತಂದೆ, ಗಂಡ, ಹೆಂಡತಿ, ಅಣ್ಣತಮ್ಮ, ಭಾವ, ಮೈದುನ, ಅಳಿಯ. ಇತರೆ ಇದ್ದಲ್ಲಿ ವಿವರಿಸಿ. ವಿವರಿಸಲು ಬೆರಳುದ್ದದ ಜಾಗ. ಅದರ ಕೆಳಗೆ, ಬರೆದದ್ದು ನಿಜವೆಂದು ಸಂಸ್ಥೆಯ ಪ್ರತಿನಿಧಿಯ ಸಹಿ. ಸಹಿ ಹಾಕಲು ನಿರಾಕರಿಸಿದರೆ ಹಾಗೆಂದು ಬರೆಯಲು ಇನ್ನೊಂದು ಗೆರೆ. 'ಇದೆ' ಎಂದಾದರೆ ಪರೀಕ್ಷೆ ಬೇರೊಬ್ಬರಿಂದ ಮತ್ತೆ ಆಗಬೇಕು, ಅಲ್ಲಿಯವರೆಗೆ ಲಿಫ್ಟ್ ಓಡುವಂತಿಲ್ಲ. ಇಲಾಖೆಯಲ್ಲಿ ಯಾರೂ 'ಇದೆ' ಎಂದು ಬರೆದದ್ದನ್ನು ಆಕೆ ಕಂಡಿರಲಿಲ್ಲ. ಹೆಂಡತಿಯ ತಮ್ಮನ ಲಿಫ್ಟುಗಳನ್ನು ವರ್ಷಗಟ್ಟಲೆ ಪಾಸು ಮಾಡುತ್ತ ಬಂದವರೂ 'ಇಲ್ಲ' ಎಂದೇ ಬರೆಯುತ್ತಿದ್ದರು. ಯಾರೂ ಅದನ್ನು ಸುಳ್ಳೆಂದುಕೊಳ್ಳುತ್ತಿರಲಿಲ್ಲ. ಅದು ಬರೀ ಕೈರೂಢಿಯಾಗಿತ್ತು.

ಆಕೆ ದೊಡ್ಡ ಸಾಹೇಬರಿಗೆ ಫೋನ್ ಮಾಡಿದಳು.

"ಸರ್, ಏಳನೇ ಕಲಮಿಗೆ 'ಇದೆ' ಅಂತ ಬರೀಬೇಕಾಗಿದೆ."

"ಯಾವ ಏಳನೇ ಕಲಮು?" ಅದು ಪ್ರಶ್ನೆಯೆಂಬುದೇ ಅವರಿಗೆ ಮರೆತುಹೋಗಿತ್ತು. ನೆನಪಿಸಿದ ಮೇಲೆ ಕೇಳಿದರು, "ಯಾರು, ನಿಮ್ಮ ತಮ್ಮನಾ?"

"ಅಲ್ಲ ಸರ್. ಇಲ್ಲಿನ ಫೋರ್‌ಮನ್."

"ದೂರದ ನೆಂಟರಾ?"

"ಹತ್ತಿರದವರೇ. ನೆಂಟರಲ್ಲ."

ಅತ್ತ ಕಡೆ ಕೆಮ್ಮು ಕೇಳಿಸಿತು. "ಮದುವೆ ಆಗಿದೀರಾ?"

"ಇಲ್ಲ."

"ಮಾತುಕತೆ?"

"ಇಲ್ಲ."

"ಮತ್ತೆ 'ಇಲ್ಲ' ಅಂತಾನೇ ಆಯ್ತಲ್ಲಮ್ಮ. ಸರಕಾರದ ಲೆಕ್ಕದಲ್ಲಿ ನೀವಿಬ್ಬರೂ ಅಪರಿಚಿತರು. ಬರೆದು ಬಂದ್ಬಿಡಿ." ಆಮೇಲೆ ದನಿ ಮೆತ್ತಗಾಯಿತು. "ನೋಡಿ, ಈ ಕಾಗದ ಐದು ಮೇಜು ದಾಟುತ್ತೆ. ಐದು ಕಡೇನೂ ಓದ್ತಾರೆ. ನೀವು ಹೆಣ್ಣುಮಗಳು, ಅದರಲ್ಲೂ ಒಂಟಿ ಇರೋರು. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ."

"ಗೊತ್ತು ಸರ್. ನನ್ನ ಒಳ್ಳೇದಕ್ಕೆ ಹೇಳೋರಿಗೆ ಯಾವತ್ತೂ ಬರ ಬಂದಿಲ್ಲ," ಎಂದು ಆಕೆ ಫೋನ್ ಇಟ್ಟಳು.

ಮ್ಯಾನೇಜರ್ ಟೀ ಹೇಳಿಬರಲು ಹೋಗಿದ್ದ. ಫೋರ್‌ಮನ್ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಒಂದು ಮಾತು, 'ಇಲ್ಲ' ಅಂತ. ಅಷ್ಟು ಬರೆದ್ರೆ ಏನು ಮುಳುಗಿಹೋಗುತ್ತೆ?"

"ಎಂಟು ತಿಂಗಳಿಂದ ಬಾಯಲ್ಲಿ ಅದನ್ನೇ ಹೇಳ್ಕೊಂಡು ಬಂದಿದೀವಿ. ಬರವಣಿಗೇಲೂ ಕೊಡ್ಲಾ?"

"ಸೋಮವಾರ ಉದ್ಘಾಟನೆ. ಲಿಫ್ಟ್ ನಿಂತ್ರೆ ಮಾಲೀಕರು ನನ್ನ ತಲೆ ತೆಗೀತಾರೆ. ಅದು ಬಿಡು. ನಾನು ಇಲ್ಲೀವರೆಗೆ ಪಾಸು ಮಾಡಿಸಿದ್ದೆಲ್ಲ ಮೇಡಂ ಕೃಪೆ ಅಂತಾರೆ."

"ಮೂರು ಸಲ ಫೇಲ್ ಮಾಡಿದೀನಲ್ಲ. ದಾಖಲೆ ಇದೆ, ಬೇಕಾದ್ರೆ ನಕಲು ಕೊಡ್ತೀನಿ."

ಅವನು ನಗಲಿಲ್ಲ. "ಇನ್ನು ಸ್ವಲ್ಪ ದಿನ..."

"ಅದಕ್ಕೆ ಇದರಲ್ಲಿ ಜಾಗ ಇಲ್ಲ," ಎಂದು ಆಕೆ ಪೆನ್ನಿನ ಮುಚ್ಚಳ ತೆಗೆದಳು. "'ಇದೆ' ಇದೆ, 'ಇಲ್ಲ' ಇದೆ. ಇಲ್ಲ ಅಂತ ಬರೆದ್ರೆ ಕೆಳಗೆ ನೀನೂ ಸಹಿ ಹಾಕ್ಬೇಕು, ಇದು ನಿಜ ಅಂತ. ಹಾಕ್ತೀಯಾ?"

ಅವನು ಬೆನ್ನ ಹಿಂದೆ ಬಾಗಿಲಿನ ಚಿಲಕ ಮುಟ್ಟಿ ನೋಡಿಕೊಂಡ.

ಆಕೆ 'ಇದೆ' ಎಂಬುದಕ್ಕೆ ಸುತ್ತು ಹಾಕಿದಳು. ಗಂಡನನ್ನೂ ಭಾವನನ್ನೂ ಮೈದುನನನ್ನೂ ದಾಟಿ ಬೆರಳುದ್ದದ ಖಾಲಿ ಜಾಗಕ್ಕೆ ಬಂದು ನಿಂತಳು. 'ಸ್ನೇಹಿತರು' ಎಂದರೆ ನಿವೃತ್ತಿಯಾದವರಿಗೆ ಹಾರ ಹಾಕುವವರೆಲ್ಲ ಅದೇ. 'ಆಪ್ತರು' ಎಂಬುದು ಮಂತ್ರಿಗಳ ಸುತ್ತ ಇರುವವರಿಗೆ ಮೀಸಲು. ಕೊನೆಗೆ 'ಪರಸ್ಪರ' ಎಂದು ಶುರುಮಾಡಿದಳು. ಅವನ ಪರವಾಗಿ ದೃಢೀಕರಿಸುವ ಅಧಿಕಾರ ತನಗಿಲ್ಲವೆಂದು ಹೊಳೆದು ಅದನ್ನು ಹೊಡೆದುಹಾಕಿದಳು. ನಿಯಮದಂತೆ ಹೊಡೆದ ಮಾತಿನ ಪಕ್ಕ ಪುಟ್ಟ ಸಹಿಯನ್ನೂ ಮಾಡಿದಳು. ಆಮೇಲೆ ಒಂದೇ ಉಸಿರಿಗೆ ಬರೆದಳು: 'ನಾನು ಇವರನ್ನು ಪ್ರೀತಿಸುತ್ತೇನೆ. ಎಂಟು ತಿಂಗಳಾಯಿತು.'

ಕಾಗದವನ್ನು ಅವನ ಕಡೆ ತಿರುಗಿಸಿದಳು. ಅವನು ಓದಿದ. ಇನ್ನೊಂದು ಸಲ ಓದಿದ. ಇಷ್ಟು ದಿನದಲ್ಲಿ ಆ ಮಾತನ್ನು ಆಕೆ ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ಸರಕಾರಕ್ಕೆ ಮೊದಲು ಹೇಳಿದ್ದಳು.

"ನನ್ನ ಕೈಲಾಗಲ್ಲ," ಎಂದ.

"ಸರಿ. ನಿರಾಕರಿಸಿದರು ಅಂತ ಬರೀತೀನಿ. ಅದಕ್ಕೂ ಗೆರೆ ಇದೆ."

ಅವನು ಹೊರಟುಹೋದ. ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಜೋರಾಗಿ ಬಡಿದಿದ್ದರೆ ಆಕೆಗೆ ಎಷ್ಟೋ ಸಲೀಸಾಗುತ್ತಿತ್ತು. ಆ ಗೆರೆಯ ಮೇಲೆ ಪೆನ್ನು ಇಟ್ಟಳು, ಎತ್ತಿದಳು. ಗೆರೆ ಖಾಲಿಯೇ ಉಳಿಯಿತು. ಅವಸರದಲ್ಲಿ ಬರೆದ ಅಳತೆ ನಂಬಬಾರದೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳು ಅವಳೇ.

ಮ್ಯಾನೇಜರ್ ಟೀ ಹಿಡಿದು ಬಂದ. ಮೇಜಿನ ಮೇಲಿನ ಕಾಗದವನ್ನು ನಿಂತಲ್ಲಿಂದಲೇ ತಲೆಕೆಳಗಾಗಿ ಓದಿ ಮುಗಿಸುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

"ಏನ್ ಮೇಡಂ ಇದು. ಇದನ್ನೆಲ್ಲ ಯಾರಾದ್ರೂ ಬರೀತಾರಾ? ಅದೂ ಈ ವಯಸ್ಸಲ್ಲಿ?"

"ವಯಸ್ಸಿಗೆ ಬೇರೆ ಕಲಮಿದೆ. ಮೂವತ್ತಾರು ಅಂತ ಬರೆದಿದೀನಿ, ಎರಡನೇದು ನೋಡಿ."

"ತಮಾಷೆ ಅಲ್ಲ. ಮಂಚಗಳು ಹೊರಗಡೆ ಬಿಸಿಲಲ್ಲಿ ನಿಂತಿವೆ."

"ಲಿಫ್ಟ್ ಚೆನ್ನಾಗಿದೆ. ಆದರೆ ಚೆನ್ನಾಗಿದೆ ಅಂತ ನಾನು ಹೇಳಿದ್ರೆ ನಡೆಯಲ್ಲ. ಇನ್ನೊಬ್ಬರು ಬರ್ತಾರೆ. ಇವತ್ತೇ ಅರ್ಜಿ ಹಾಕಿ, ಬೇಗ ಕಳಿಸಿ ಅಂತ ನಾನೂ ಬರೀತೀನಿ."

"ಅಲ್ಲೀವರೆಗೆ?"

"ಮೆಟ್ಟಿಲಿದೆಯಲ್ಲ."

ಆಕೆಯೇ ಏಳನೇ ಮಹಡಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ ಮೇನ್ ಸ್ವಿಚ್ ಆರಿಸಿ ಬೀಗ ಹಾಕಿದಳು. 'ಪರೀಕ್ಷೆ ಬಾಕಿ' ಎಂಬ ಕೆಂಪು ಚೀಟಿ ನೇತುಹಾಕಿದಳು. ಅಷ್ಟು ಹೊತ್ತಿಗೆ ಸುದ್ದಿ ಆಕೆಗಿಂತ ಮುಂಚೆ ಕೆಳಗಿಳಿದಿತ್ತು. ಐದನೇ ಮಹಡಿಯಲ್ಲಿ ಬಣ್ಣ ಬಳಿಯುತ್ತಿದ್ದ ಇಬ್ಬರು ಆಕೆಯನ್ನು ಕಂಡು ಗೋಡೆಯ ಕಡೆ ತಿರುಗಿ ಅತಿ ಶ್ರದ್ಧೆಯಿಂದ ಬಳಿಯತೊಡಗಿದರು. ಒಬ್ಬನ ಹೆಗಲು ಕುಲುಕುತ್ತಿತ್ತು. ಆಕೆ ನಿಂತು, "ಆ ಮೂಲೆ ಬಿಟ್ಟುಹೋಗಿದೆ ನೋಡಿ," ಎಂದು ತೋರಿಸಿ ಮುಂದೆ ಇಳಿದಳು. ಮೂಲೆ ನಿಜಕ್ಕೂ ಬಿಟ್ಟುಹೋಗಿತ್ತು.

ನಾಲ್ಕನೇ ಮಹಡಿಯ ಕೆಳಗಿನ ತಿರುವಿನಲ್ಲಿ ಫೋರ್‌ಮನ್ ಕಿಟಕಿಗೆ ಒರಗಿ ನಿಂತಿದ್ದ. ಫೋನು ಇನ್ನೂ ಕೈಯಲ್ಲೇ ಇತ್ತು. ಅವನ ಕಿವಿ ಕೆಂಪಾಗಿತ್ತು.

"ಅಕ್ಕಂಗೆ ಹೇಳ್ದೆ," ಎಂದ.

ಆಕೆ ಎರಡು ಮೆಟ್ಟಿಲು ಮೇಲೆಯೇ ನಿಂತಳು. "ಏನಂದ್ರು?"

"ಷರ್ಟಿಗೆ ನೀನೇ ಇಸ್ತ್ರಿ ಹಾಕೋಕೆ ಶುರು ಮಾಡಿದಾಗ್ಲೇ ಗೊತ್ತಾಯ್ತು ಅಂದ್ಲು. ಯಾರು ಅಂತ ಕೇಳಿದ್ಲು. ಹೇಳಿದ್ಮೇಲೆ, ನಿನ್ನನ್ನ ಮೂರು ಸಲ ಫೇಲ್ ಮಾಡಿದವಳಾ ಅಂದ್ಲು. ಹೂಂ ಅಂದೆ. ಮೂರೇ ಸಲಾನಾ ಅಂದ್ಲು."

"ಮತ್ತೆ ಕಂಪನಿಗೆ?"

"ಅವರಿಗೆ ಕಾಗದಾನೇ ಹೇಳುತ್ತಲ್ಲ. ಕೊಡು."

"ಯೋಚನೆ ಮಾಡು. ನಾಳೆ ನಿನ್ನನ್ನ ಬೇರೆ ಕಡೆ ಹಾಕ್ಬಹುದು. ಸಹಿ ಆದ್ಮೇಲೆ ಹೊಡೆದುಹಾಕೋಕೆ ಬರಲ್ಲ ಇದನ್ನ."

"ಕೊಡೇ."

ಅವನು ಕಾಗದವನ್ನು ಗೋಡೆಗೆ ಹಿಡಿದು ಬರೆಯಲು ನೋಡಿದ. ಗೋಡೆಯ ಬಣ್ಣ ಇನ್ನೂ ಒಣಗಿರಲಿಲ್ಲ. ಕಿಟಕಿಯ ಅಂಚು ಎರಡು ಬೆರಳಿನಷ್ಟೂ ಅಗಲವಿರಲಿಲ್ಲ. ಆಕೆ ಇಳಿದು ಬಂದು, ಅವನಿಗೆ ಬೆನ್ನು ತಿರುಗಿಸಿ, ತುಸು ಬಾಗಿ ನಿಂತಳು.

ಕೆಳಗಿನಿಂದ ನಾಲ್ಕು ಜನ ಕಬ್ಬಿಣದ ಮಂಚವೊಂದನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಬಂದರು. ತಿರುವಿಗೆ ಬಂದವರೇ ಇವರನ್ನು ಕಂಡು ನಿಂತರು.

"ಮೇಡಂ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಭಾರ ಇದೆ," ಎಂದ ಮುಂದಿನವನು.

"ಒಂದ್ನಿಮಿಷ," ಎಂದಳು ಆಕೆ, ಬಾಗಿದ್ದಲ್ಲಿಂದಲೇ.

"ಅಲ್ಲಾಡ್ಬೇಡ," ಎಂದ ಫೋರ್‌ಮನ್, ಎಲ್ಲರಿಗೂ ಕೇಳುವ ಹಾಗೆ.

ಪೆನ್ನು ಆಕೆಯ ಬೆನ್ನ ಮೇಲೆ ನಿಧಾನವಾಗಿ ಚಲಿಸಿತು. ಅವನ ಸಹಿ ಎಷ್ಟುದ್ದವೆಂದು ಆಕೆಗೆ ಗೊತ್ತಿತ್ತು: ಒಂದು ಸುಳಿ, ಒಂದು ಗೀಟು. ಇದು ಅದಲ್ಲ. ಅವನು ಬಿಡಿಬಿಡಿಯಾಗಿ, ಮಕ್ಕಳು ಕಾಪಿ ಬರೆಯುವ ಹಾಗೆ, ಅಕ್ಷರ ಅಕ್ಷರವನ್ನೂ ಒತ್ತಿ ಪೂರ್ತಿ ಹೆಸರು ಬರೆಯುತ್ತಿದ್ದ. ಮಂಚ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅದರ ಕಾಲುಗಳನ್ನು ಮೆಟ್ಟಿಲ ಮೇಲೆ ಓರೆಯಾಗಿ ಇಳಿಸಿದರು. ಮುಂದಿನವನು ಕುತ್ತಿಗೆ ಒರೆಸಿಕೊಂಡು ಮಂಚದ ಅಂಚಿನಲ್ಲೇ ಕೂತ. ಪೆನ್ನು ಬೆನ್ನುಮೂಳೆಯನ್ನು ದಾಟಿ ಇನ್ನೂ ಆಚೆಗೆ ಸಾಗುತ್ತಿತ್ತು.