ಏಳು ವಿಳಾಸಗಳ ಬಂದೆಯವರು

ಯಾರು ಯಾರನ್ನು ಕರೆದರೂ ಅವರು ಓಗೊಡುತ್ತಿದ್ದರು. ನಮ್ಮ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಯಾರಾದರೂ ಲಿಫ್ಟಿನವನನ್ನು "ಅಣ್ಣಾ" ಎಂದು ಕೂಗಲಿ, ರೋಗಿಯ ಕಡೆಯವರು ಸಿಕ್ಕಿದ ಬಿಳಿ ಅಂಗಿಗೆಲ್ಲ "ಡಾಕ್ಟ್ರೇ" ಎನ್ನಲಿ, ಕಂಪ್ಯೂಟರ್ ಕೋಣೆಯ ಗಾಜಿನ ಬಾಗಿಲು ತಟಕ್ಕನೆ ತೆರೆದು ಒಂದು ನರೆತ ತಲೆ ಹೊರಗೆ ಬರುತ್ತಿತ್ತು. "ಹಾಂ, ಬಂದೆ" ಎಂಬ ಮಾತು ಆ ತಲೆಗಿಂತ ಮೊದಲೇ ಬಂದಿರುತ್ತಿತ್ತು. ಇನ್ನೂ ಹೊರಡದೆಯೇ ಬಂದಾಯಿತು ಎಂದು ಸಾರುವುದು ನಮ್ಮ ಭಾಷೆಯ ಸೋಜಿಗಗಳಲ್ಲೊಂದು. ನಾವೆಲ್ಲ ಕುರ್ಚಿಯಲ್ಲಿ ಆರಾಮವಾಗಿ ಕುಳಿತೇ ‘ಬಂದೆ’ ಎನ್ನುತ್ತೇವೆ, ಅಂದ ಮೇಲೆ ಇನ್ನೆರಡು ಗುಟುಕು ಚಹಾ ಹೀರುತ್ತೇವೆ. ಅವರು ಮಾತ್ರ ಆ ಪದದ ಕೊನೆಯ ಅಕ್ಷರ ಮುಗಿಯುವಷ್ಟರಲ್ಲಿ ಎದ್ದು ಎರಡು ಹೆಜ್ಜೆ ಇಟ್ಟಿರುತ್ತಿದ್ದರು. ಹೀಗಾಗಿ ಆಸ್ಪತ್ರೆಯಲ್ಲಿ ಅವರಿಗೆ ‘ಬಂದೆಯವರು’ ಎಂಬ ಹೆಸರೇ ನಿಂತುಬಿಟ್ಟಿತು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದ್ದಿರಬೇಕು. ಅದನ್ನು ಯಾರೂ ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿಲ್ಲ.

ನಾನು ಅವರ ಪಕ್ಕದ ದಾಖಲೆ ವಿಭಾಗದವನು. ನನ್ನ ಮೇಜಿಗೂ ಅವರ ಕೋಣೆಗೂ ನಡುವೆ ಒಂದೇ ಗಾಜು. ಹನ್ನೆರಡು ವರ್ಷ ಆ ಗಾಜಿನ ಮೂಲಕ ಅವರ ಬೆನ್ನನ್ನು ನೋಡಿದ್ದೇನೆ. ಬಲ ಭುಜವನ್ನು ಮುಂದೆ ಚಾಚಿ, ಅರ್ಧ ತೆರೆದ ಬಾಗಿಲಲ್ಲಿ ನುಸುಳುವವರಂತೆ ಓರೆಯಾಗಿ ನಡೆಯುತ್ತಿದ್ದರು. ಯಂತ್ರಗಳ ಕಪಾಟುಗಳ ನಡುವಿನ ಒಂದೂವರೆ ಅಡಿಯ ಸಂದಿಯಲ್ಲಿ ಓಡಾಡಿ ಓಡಾಡಿ ಬಂದ ನಡಿಗೆ ಅದು. ವಿಶಾಲವಾದ ರಸ್ತೆಯಲ್ಲಿ, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಹಾಗೆಯೇ ನಡೆಯುತ್ತಿದ್ದರು. ಮೈಮೇಲೆ ಸದಾ ಒಂದು ಕಂದು ಸ್ವೆಟರ್. ಯಂತ್ರದ ಕೋಣೆಯ ಚಳಿಗೆಂದು ತೊಟ್ಟದ್ದು, ಬಿರುಬಿಸಿಲಿನ ಮಧ್ಯಾಹ್ನ ಬಸ್ಸಿಗೆ ಕಾಯುವಾಗಲೂ ಕಳಚುತ್ತಿರಲಿಲ್ಲ. ತೆಗೆದು ಹಾಕಿಕೊಳ್ಳುವ ಶ್ರಮವನ್ನು ಉಳಿಸುತ್ತಿದ್ದಾರೆ ಎಂದು ನಾವು ನಗುತ್ತಿದ್ದೆವು. ಆಮೇಲೆ ಯೋಚಿಸಿದಾಗ ಅದೇ ನಿಜವಿದ್ದಿರಬಹುದು ಎನಿಸಿ ನಗು ಬರಲಿಲ್ಲ.

ಗಂಡಾಂತರದ ಸುದ್ದಿಯನ್ನೆಲ್ಲ ಅವರು ‘ಅದೇನಿಲ್ಲ’ ಎಂದೇ ಆರಂಭಿಸುತ್ತಿದ್ದರು. "ಅದೇನಿಲ್ಲ, ಒಳಗೆ ಸ್ವಲ್ಪ ಸುಟ್ಟ ವಾಸನೆ ಬರ್ತಾ ಇದೆ." "ಅದೇನಿಲ್ಲ, ನಿಮ್ಮ ಹೋದ ತಿಂಗಳ ಫೈಲುಗಳು ಕಾಣಿಸ್ತಾ ಇಲ್ಲ." ಅವರು ‘ಅದೇನಿಲ್ಲ’ ಎಂದರೆ ನಮ್ಮ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಹೀಗೆ ಹೇಳಿ ಹೋದವರು ಗಂಟೆಯೊಳಗೆ ಎಲ್ಲವನ್ನೂ ಸರಿಮಾಡಿ, ತಾವೇ ಏನೋ ತಪ್ಪು ಮಾಡಿದವರಂತೆ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುತ್ತಿದ್ದರು.

ಅವರ ವಶದಲ್ಲಿದ್ದದ್ದು ಒಂದು ಹಳೆಯ ಯುನಿಕ್ಸ್ ಸರ್ವರ್. ಬೂದು ಬಣ್ಣದ, ಗೋದ್ರೆಜ್ ಕಪಾಟಿನ ಅರ್ಧದಷ್ಟು ಎತ್ತರದ, ದಿನವಿಡೀ ಗೊರಗುಟ್ಟುತ್ತ ವಾರ್ಡುಗಳಿಗೆ ಮಾಹಿತಿ ಒದಗಿಸುವ ಯಂತ್ರ. ಆಸ್ಪತ್ರೆಯಲ್ಲಿ ಮೊದಲು ಇಂಥವು ಹಲವಿದ್ದವು: ನೋಂದಣಿಗೆ ಒಂದು, ರಕ್ತಪರೀಕ್ಷೆಗೆ ಒಂದು, ಎಕ್ಸ್‌ರೇಗೆ ಒಂದು, ಔಷಧದ ಉಗ್ರಾಣಕ್ಕೆ ಒಂದು. ಪ್ರತಿಯೊಂದಕ್ಕೂ ನೆಟ್‌ವರ್ಕಿನಲ್ಲಿ ಅದರದೇ ಒಂದು ವಿಳಾಸ, ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಅಂಕಿಗಳು. ವಾರ್ಡಿನ ಕಂಪ್ಯೂಟರುಗಳು ಆ ಅಂಕಿಗಳನ್ನೇ ಹಿಡಿದು ಕರೆಯುತ್ತಿದ್ದವು. ಕಾಲಕ್ರಮದಲ್ಲಿ ಒಂದೊಂದೇ ಯಂತ್ರ ಕಣ್ಣುಮುಚ್ಚಿತು. ಹೊಸದು ಬೇಕೆಂದು ಅವರು ಬರೆದ ಕಾಗದಗಳಿಗೆ ಬಂದ ಉತ್ತರ ಪ್ರತಿಸಲವೂ ಒಂದೇ, ‘ಸದ್ಯಕ್ಕೆ ಇರುವುದರಲ್ಲೇ ನಿಭಾಯಿಸುವುದು.’

ಅವರು ನಿಭಾಯಿಸಿದರು. ಒಂದು ಯಂತ್ರ ಸತ್ತರೆ ಅದರ ಸರಕನ್ನೆಲ್ಲ ಈ ಹಳೆಯ ಯಂತ್ರಕ್ಕೆ ತುಂಬಿ, ಸತ್ತದ್ದರ ವಿಳಾಸವನ್ನೂ ಇದಕ್ಕೇ ತಗುಲಿಸುತ್ತಿದ್ದರು. ಒಂದೇ ಮನೆಯ ಬಾಗಿಲಿಗೆ ಹಲವರ ಹೆಸರಿನ ಫಲಕ ತೂಗಿಸಿದಂತೆ. ಅಂಚೆಯವನು ಯಾರ ಹೆಸರಿನ ಕಾಗದ ತಂದರೂ ಒಳಗಿನಿಂದ ಒಬ್ಬನೇ ಬಂದು ತೆಗೆದುಕೊಳ್ಳುತ್ತಾನೆ. ಈ ಶಸ್ತ್ರಕ್ರಿಯೆಯನ್ನು ಅವರು ಎರಡೇ ಬೆರಳಿನಿಂದ, ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಹೇಳಿಕೊಂಡು ನಡೆಸುತ್ತಿದ್ದರು. "ಹತ್ತು ಚುಕ್ಕಿ, ನಾಲ್ಕು ಚುಕ್ಕಿ, ಸೊನ್ನೆ ಚುಕ್ಕಿ, ಹದಿನೇಳು." ಆ ದನಿ ಗಾಜು ದಾಟಿ ನನಗೆ ಕೇಳಿಸಿತೆಂದರೆ ಇನ್ನೊಂದು ಯಂತ್ರ ತೀರಿಕೊಂಡಿತೆಂದು ತಿಳಿಯುತ್ತಿತ್ತು. ಹೀಗೆ ಏಳು ವಿಳಾಸಗಳು ಒಂದೇ ಯಂತ್ರದ ಕೊರಳಿಗೆ ಬಿದ್ದವು. ವಾರ್ಡುಗಳಲ್ಲಿ ಯಾರಿಗೂ ಇದರ ಅರಿವಿರಲಿಲ್ಲ. ಕರೆದ ಕಡೆಯಿಂದ ಉತ್ತರ ಬರುತ್ತಿತ್ತು, ಅಷ್ಟೆ.

ಮನೆಯಲ್ಲಿಯೂ ಅವರ ಪಾಡು ಇದಕ್ಕಿಂತ ಬೇರೆಯಾಗಿರಲಿಲ್ಲ. ಅಣ್ಣ ಅಕಾಲದಲ್ಲಿ ಹೋದ ಮೇಲೆ ಅತ್ತಿಗೆಯೂ ಅವರ ಇಬ್ಬರು ಹೆಣ್ಣುಮಕ್ಕಳೂ ಇವರ ಮನೆಗೇ ಬಂದಿದ್ದರು. ಮಕ್ಕಳ ಶಾಲೆಯ ಅರ್ಜಿಯಲ್ಲಿ ‘ಪೋಷಕರು’ ಎಂಬಲ್ಲಿ ಇವರ ಸಹಿ. ತಾಯಿಗೆ ಮರೆವು ಶುರುವಾಗಿ, ಒಮ್ಮೊಮ್ಮೆ ಮಗನೆಂದೂ ಒಮ್ಮೊಮ್ಮೆ ತನ್ನ ತಮ್ಮನೆಂದೂ ಇವರನ್ನು ಕರೆಯುತ್ತಿದ್ದರಂತೆ; ಯಾವ ಹೆಸರಿಗೂ ಇವರು ತಿದ್ದುಪಡಿ ಹೇಳದೆ ಹೋಗಿ ಕುಳಿತುಕೊಳ್ಳುತ್ತಿದ್ದರಂತೆ. ಒಮ್ಮೆ ನಾನು ಏನೋ ಕಾಗದ ಕೊಡಲು ಅವರ ಮನೆಗೆ ಹೋಗಿದ್ದಾಗ ಅವರ ಹೆಂಡತಿ ಚಹಾದ ಲೋಟ ಇಡುತ್ತ ನಗುನಗುತ್ತಲೇ ಹೇಳಿದರು: "ಬೀದಿಯಲ್ಲಿ ಯಾರು ಕೂಗಿದ್ರೂ ಇವ್ರಿಗೆ ಕೇಳಿಸುತ್ತೆ. ನಾನು ‘ರೀ’ ಅಂದ್ರೆ ಮಾತ್ರ ಕಿವಿ ಕೇಳಲ್ಲ ನೋಡಿ." ನಾನೂ ನಕ್ಕೆ. ಬಂದೆಯವರು ಗೋಡೆಗೊರಗಿ ನಿಂತಲ್ಲಿಯೇ ನಿದ್ದೆಹೋಗಿದ್ದರು.

ಏಳನೆಯ ವಿಳಾಸದ ಕಥೆಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಯಾವ ರೋಗಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬ ಪಟ್ಟಿಯನ್ನು ಇಟ್ಟುಕೊಂಡಿದ್ದ ಯಂತ್ರ ಒಂದು ಬೆಳಿಗ್ಗೆ ಕೈಕೊಟ್ಟಿತು. ಚುಚ್ಚುಮದ್ದು ಕೊಡುವ ಮುನ್ನ ಪ್ರತಿ ವಾರ್ಡಿನ ಕಂಪ್ಯೂಟರೂ ಆ ಪಟ್ಟಿಯನ್ನು ಕೇಳಬೇಕು. ಬಂದೆಯವರು ಎಂದಿನಂತೆ ಪಟ್ಟಿಯನ್ನು ಹಳೆಯ ಯಂತ್ರಕ್ಕೆ ಸಾಗಿಸಿ, ಕಮಾಂಡ್ ಟೈಪಿಸಿ ವಿಳಾಸ ತಗುಲಿಸಿದರು. ವಾರ್ಡುಗಳಿಗೆ ಉತ್ತರ ಹೋಗತೊಡಗಿತು. ಆದರೆ ಈ ಯಂತ್ರಗಳಿಗೆ ಒಂದು ಸ್ವಭಾವವಿದೆ. ಕೈಯಿಂದ ಟೈಪಿಸಿ ಹೇಳಿದ್ದನ್ನು ಅವು ಎಚ್ಚರವಾಗಿರುವ ತನಕ ಮಾತ್ರ ನೆನಪಿಟ್ಟುಕೊಳ್ಳುತ್ತವೆ. ಆರಿಸಿ ಹೊತ್ತಿಸಿದರೆ, ಏಳುವಾಗ ಓದುವ ಫೈಲಿನಲ್ಲಿ ಬರೆದದ್ದಷ್ಟೇ ಅವಕ್ಕೆ ಗೊತ್ತು. ಆ ಒಂದು ಸಾಲನ್ನು ಬರೆಯಲು ಅವರು ಫೈಲು ತೆರೆದಿದ್ದರು. ಅಷ್ಟರಲ್ಲಿ ಮನೆಯಿಂದ ಫೋನು, ಅಮ್ಮ ಎಲ್ಲೂ ಕಾಣುತ್ತಿಲ್ಲವೆಂದು. "ಬಂದೆ" ಎಂದು ಓಡಿದರು. ತಾಯಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಹಿರಿಯ ಮಗ ಊರಿಂದ ಬರುತ್ತಾನೆಂದು ಕಾದು ಕುಳಿತಿದ್ದರು. ಎಬ್ಬಿಸಿದರೆ ಏಳಲೊಲ್ಲರು. ಕೊನೆಗೆ ಇವರು ನಿಲ್ದಾಣವನ್ನು ಒಂದು ಸುತ್ತು ಹಾಕಿ ಇನ್ನೊಂದು ಬದಿಯಿಂದ ಬಂದು, "ಅಮ್ಮಾ, ಬಸ್ಸು ತಡ ಆಯ್ತು" ಎಂದರಂತೆ. ತಾಯಿ ಕೈಹಿಡಿದು ಎದ್ದು ಬಂದರು. ಆ ದಿನದಿಂದ ತಾಯಿಯ ಪಾಲಿಗೆ ಅವರು ಹಿರಿಯ ಮಗನೇ ಆದರು. ಕಿರಿಯವನು ಎಲ್ಲಿ ಹೋದ ಎಂದು ತಾಯಿ ಆಮೇಲೆ ಕೇಳಲೇ ಇಲ್ಲವೆಂದು ಒಮ್ಮೆ ನನ್ನೊಡನೆ ಹೇಳಿ, ತಕ್ಷಣ ಮಾತು ಬದಲಿಸಿದರು.

ಮರುದಿನ ಆಫೀಸಿಗೆ ಬಂದಾಗ ಆ ಸಾಲನ್ನು ಬರೆದು ಮುಗಿಸಿದ್ದೇನೆಂದೇ ಅವರ ನೆನಪು. ಯಂತ್ರವೋ ಐದು ವರ್ಷ ಒಂದು ಕ್ಷಣವೂ ನಿಲ್ಲದೆ ನಡೆಯಿತು, ಅವರ ನೆನಪನ್ನು ಪರೀಕ್ಷಿಸುವ ಸಂದರ್ಭವೇ ಬರಲಿಲ್ಲ.

ಕಟ್ಟಡದ ಹಳೆಯ ವಿದ್ಯುತ್ ತಂತಿಗಳನ್ನು ಬದಲಿಸುವ ಕೆಲಸ ಬಂತು. ಒಂದು ಬೆಳಿಗ್ಗೆ ನಲವತ್ತು ನಿಮಿಷ ಯಂತ್ರವನ್ನು ಆರಿಸಬೇಕಾಯಿತು. ಬಂದೆಯವರು ಮಗುವನ್ನು ಮಲಗಿಸುವಂತೆ ಅದನ್ನು ನಿಲ್ಲಿಸಿ, ಮತ್ತೆ ಎಬ್ಬಿಸಿ, ಫೈಲನ್ನು ಎದುರಿಗಿಟ್ಟುಕೊಂಡು ಅದರಲ್ಲಿದ್ದ ವಿಳಾಸಗಳನ್ನೆಲ್ಲ ಒಂದೊಂದಾಗಿ ಕರೆದು ನೋಡಿದರು. ಎಲ್ಲವೂ ಓಗೊಟ್ಟವು. ಫೈಲಿನಲ್ಲಿದ್ದದ್ದು ಆರು. ಏಳಿರಬೇಕೆಂದು ಎಣಿಸಿ ನೋಡುವಷ್ಟು ತ್ರಾಣ ಆ ಹೊತ್ತಿನಲ್ಲಿ ಆ ಮನುಷ್ಯನಲ್ಲಿ ಉಳಿದಿರಲಿಲ್ಲ.

ಎರಡು ಗಂಟೆಯ ನಂತರ ಗಂಡಸರ ವಾರ್ಡಿನ ಹಿರಿಯ ಸಿಸ್ಟರ್ ಫೋನು ಮಾಡಿದರು. ನಾನು ಆಗ ಅವರ ಕೋಣೆಯಲ್ಲೇ ಇದ್ದೆ, ಆಕೆಯ ಗಟ್ಟಿ ದನಿ ನನಗೂ ಕೇಳಿಸುತ್ತಿತ್ತು. "ಸಾರ್, ನಮ್ಮ ವಾರ್ಡಲ್ಲಿ ಮಲಗಿರೋ ಡ್ರಾಯಿಂಗ್ ಮೇಷ್ಟ್ರಿಗೆ ಪೆನಿಸಿಲಿನ್ ಆಗಲ್ಲ. ಹೋದ ವರ್ಷ ಮುಖವೆಲ್ಲ ಊದ್ಕೊಂಡು ಉಸಿರು ಕಟ್ಟಿತ್ತು, ನಾನೇ ನಿಂತು ಬರೆಸಿದ್ದೀನಿ. ಈಗ ಸ್ಕ್ರೀನಲ್ಲಿ ‘ಒಗ್ಗದ ಔಷಧ ಯಾವುದೂ ಇಲ್ಲ’ ಅಂತ ಬರ್ತಿದೆಯಲ್ಲ? ಸೂಜಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೀನಿ."

ಆ ತಂತ್ರಾಂಶವನ್ನು ಮಾಡಿದ ಪುಣ್ಯಾತ್ಮ ಯಾರೋ, ಪಟ್ಟಿಯ ಕಡೆಯಿಂದ ಉತ್ತರ ಬರದಿದ್ದರೆ ‘ಯಾವುದೂ ಇಲ್ಲ’ ಎಂದು ತೋರಿಸುವಂತೆ ಮಾಡಿಟ್ಟಿದ್ದ. ಈ ಸಲ ಬಂದೆಯವರು ‘ಅದೇನಿಲ್ಲ’ ಎನ್ನಲಿಲ್ಲ. "ಕೊಡಬೇಡಿ ಸಿಸ್ಟರ್. ಯಾರಿಗೂ ಕೊಡಬೇಡಿ" ಎಂದರು. ಒಂದು ಫೋನನ್ನು ನನ್ನ ಕೈಗೆ ತುರುಕಿ, ಇನ್ನೊಂದನ್ನು ತಾವು ಹಿಡಿದು, ಪ್ರತಿ ವಾರ್ಡಿಗೂ ಸ್ಕ್ರೀನನ್ನು ನಂಬಬೇಡಿ ಎಂದು ಹೇಳಿಸಿದರು. ಆಮೇಲೆ ಕುಳಿತು ಟೈಪಿಸಿದರು. ಆ ದಿನ ಅಂಕಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ. ಒಂದು ನಿಮಿಷದಲ್ಲಿ ಏಳನೆಯ ವಿಳಾಸ ಜೀವ ಪಡೆಯಿತು. ಫೈಲಿನಲ್ಲಿ ಸಾಲು ಬರೆದು, ಉಳಿಸಿ, ಮತ್ತೆ ತೆರೆದು, ಬೆರಳಿಟ್ಟು ಓದಿದರು.

ಆ ಎರಡು ಗಂಟೆಗಳಲ್ಲಿ ಹೊಸ ಔಷಧ ಪಡೆದವರು ಹನ್ನೊಂದು ಜನ. ಪಟ್ಟಿಯ ಜೊತೆ ತಾಳೆ ನೋಡಿ, ಯಾರಿಗೂ ಅಪಾಯವಿಲ್ಲವೆಂದು ಡಾಕ್ಟರು ಹೇಳಿದರು. ಇವರಿಗೆ ಸಮಾಧಾನವಾಗಲಿಲ್ಲ. ಸಂಜೆಯವರೆಗೆ ಹನ್ನೊಂದು ಹಾಸಿಗೆಗಳ ಬಳಿಗೂ ಆ ಓರೆ ನಡಿಗೆಯಲ್ಲಿ ಹೋಗಿ ನಿಂತು, "ಮೈ ಕಡೀತಿದೆಯಾ? ಉಸಿರಾಟ ಸರಿಯಾಗಿದೆಯಾ?" ಎಂದು ಕೇಳಿದರು, ಒಂದು ಸುತ್ತು ಮುಗಿದರೆ ಮತ್ತೊಂದು ಸುತ್ತು. ಒಬ್ಬ ಅಜ್ಜಿ ಇವರನ್ನು ಡಾಕ್ಟರೆಂದೇ ತಿಳಿದು ಮಂಡಿನೋವಿನ ಚರಿತ್ರೆಯನ್ನೆಲ್ಲ ಹೇಳಿದಳು. ನಿಂತು ಪೂರ್ತಿ ಕೇಳಿದರು. ಕಡೆಗೆ ಆ ಹಿರಿಯ ಸಿಸ್ಟರೇ ಬಂದು, "ನೀವು ಹೀಗೆ ಸುತ್ತಿದ್ರೆ ರೋಗಿಗಳಿಗಿಂತ ಮೊದಲು ನೀವೇ ಬೀಳ್ತೀರಿ, ಮನೆಗೆ ಹೋಗಿ ಸಾರ್" ಎಂದು ಗದರಿಸಿ ಕಳಿಸಬೇಕಾಯಿತು. ಮೆಟ್ಟಿಲ ಮೇಲೆ ಕುಳಿತು, ಸ್ವೆಟರಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅವರು ಅತ್ತದ್ದನ್ನು ನಾನು ಕಂಡೆ. ಹೋಗಿ ಪಕ್ಕದಲ್ಲಿ ಕೂರಬೇಕೆನಿಸಿತು. ಕೂರಲಿಲ್ಲ. ಅದಕ್ಕಾಗಿ ನನಗೆ ಇಂದಿಗೂ ನಾಚಿಕೆಯಿದೆ.

ವಿಚಾರಣೆ ನಡೆಯಿತು. ತಪ್ಪನ್ನು ತಂತಿ ಬದಲಿಸಿದವರ ಮೇಲೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದಾಖಲೆಗಳನ್ನು ಒಪ್ಪಿಸಲು ಹೋಗಿದ್ದ ನಾನೇ ಬಾಗಿಲಲ್ಲಿ ಅವರ ಕಿವಿಯಲ್ಲಿ ಹಾಗೆಂದು ಉಸುರಿದ್ದೆ. ಅವರು ಸೂಪರಿಂಟೆಂಡೆಂಟರ ಮುಂದೆ ನಿಂತು, "ಬರೆದಿದ್ದೀನಿ ಅಂತ ನೆನಪಿತ್ತು ಸಾರ್. ಬರೆದಿರಲಿಲ್ಲ" ಎಂದುಬಿಟ್ಟರು. ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಅವರಿಗೂ ಆಯಾಸವಾಗಿತ್ತು. ಏಳು ವಿಳಾಸಗಳ ಹಾಳೆಯನ್ನು ಮುಂದೆಳೆದುಕೊಂಡು ನೋಡಿದರು. ನೋಂದಣಿ, ರಕ್ತಪರೀಕ್ಷೆ, ಎಕ್ಸ್‌ರೇ, ಉಗ್ರಾಣ, ಅಡುಗೆಮನೆ, ಹಾಜರಿ, ಔಷಧದ ಪಟ್ಟಿ. ಪೆನ್ನಿನ ತುದಿಯನ್ನು ಹಾಳೆಯ ಮೇಲೆ ಮೇಲಿನಿಂದ ಕೆಳಗೆ ಎರಡು ಸಲ ಓಡಿಸಿದರು.

"ಇವೆಲ್ಲ ಸತ್ತುಹೋದ ಯಂತ್ರಗಳದ್ದು, ಅಲ್ವಾ? ಇದರದ್ದೇ ಸ್ವಂತ ವಿಳಾಸ ಯಾವುದು?"

"ಅದಿಲ್ಲ ಸಾರ್" ಎಂದರು ಬಂದೆಯವರು. "ಅದನ್ನ ಯಾರೂ ಕರೀತಾ ಇರ್ಲಿಲ್ಲ. ಆ ಜಾಗದಲ್ಲಿ ಬೇರೆಯವರದ್ದು ಹಾಕಬಹುದಲ್ಲ ಅಂತ ತೆಗೆದುಬಿಟ್ಟೆ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವರಿಗೇ ಕೇಳಿಸಿದಂತಿತ್ತು. ಸೂಪರಿಂಟೆಂಡೆಂಟರು ಪೆನ್ನು ಕೆಳಗಿಟ್ಟು, "ಕೂತ್ಕೊಳ್ಳಿ" ಎಂದರು. ಅಷ್ಟು ಹೊತ್ತೂ ಬಂದೆಯವರು ನಿಂತೇ ಇದ್ದರೆಂಬುದು ನಮಗಾರಿಗೂ ಹೊಳೆದಿರಲಿಲ್ಲ.

ಪ್ರತಿ ಕಚೇರಿಯಲ್ಲೂ, ಪ್ರತಿ ಕುಟುಂಬದಲ್ಲೂ ಇಂಥವರೊಬ್ಬರು ಇರುತ್ತಾರೆ. ಒಬ್ಬರು ತೀರಿಕೊಂಡಾಗ, ಇನ್ನೊಬ್ಬರು ಬಿಟ್ಟುಹೋದಾಗ, ಅವರ ಪಾಲಿನ ಕೆಲಸ, ಅವರ ಪಾಲಿನ ಅಕ್ಕರೆ, ಅವರು ಕೇಳಬೇಕಾಗಿದ್ದ ಬೈಗುಳ ಕೂಡ ಸದ್ದಿಲ್ಲದೆ ಇವರ ಹೆಗಲಿಗೆ ಸರಿಯುತ್ತದೆ. ಇವರು ಬೇಡವೆನ್ನುವುದಿಲ್ಲ. ನಾವು ಅದನ್ನು ಒಳ್ಳೆಯತನವೆಂದು ಕೊಂಡಾಡಿ ನಮ್ಮ ಹೆಗಲನ್ನು ಹಗುರಮಾಡಿಕೊಳ್ಳುತ್ತೇವೆ. ಇವರು ಸಾವಿರ ಸಲ ಓಗೊಟ್ಟದ್ದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಒಂದು ಸಲ ತಪ್ಪಿದ್ದಕ್ಕೆ ವಿಚಾರಣೆ ನಡೆಯುತ್ತದೆ. ಇಷ್ಟು ಹೆಸರುಗಳಿಗೆ ಜಾಗ ಮಾಡಲು ಆ ಮನುಷ್ಯ ತನ್ನೊಳಗಿನಿಂದ ಏನನ್ನು ತೆಗೆದುಹಾಕಿದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹನ್ನೆರಡು ವರ್ಷ ಒಂದು ಗಾಜಿನ ಆಚೆ ಕುಳಿತಿದ್ದೆ. ನೂರು ಕೆಲಸಕ್ಕೆ ನೂರು ಸಲ ಅವರನ್ನು ಕರೆದೆ, ಅವರಿಗಾಗಿ ಒಂದು ಸಲವೂ ಕರೆಯಲಿಲ್ಲ.